ಮೊದಲಿಂದ ಹೇಳಿಸಿದ ವೈದ್ಯ

ಒಂದು ಕಾಡಿನಲ್ಲಿ ಕಾಯಿಲೆಗಿಂತ ವೈದ್ಯರೇ ಜಾಸ್ತಿಯಿದ್ದರು. ಅವರಲ್ಲೆಲ್ಲ ಹೆಸರುವಾಸಿ ಗುರಪ್ಪ ಎಂಬ ಗುಳ್ಳೆನರಿ. ಅವನು ಎಲ್ಲಿ ಕಲಿತ, ಯಾರ ಹತ್ತಿರ ಕಲಿತ ಎಂದು ಯಾರೂ ಕೇಳಲಿಲ್ಲ. ಗಂಟಲು ದೊಡ್ಡದಿತ್ತು, ಅಷ್ಟು ಸಾಕಾಯಿತು.

ಅದೇ ಕಾಡಿನಲ್ಲಿ ತುಂಗಿ ಎಂಬ ಮುಸುವ ಕೋತಿಯ ಮರಿ ಇದ್ದಳು. ಅವಳಿಗೆ ಮಾತು ಉಗ್ಗುತ್ತಿತ್ತು. ಮುಸುವದ ಮರಿಗಳು ಸರದಿಯಂತೆ ಮರದ ತುದಿಯಲ್ಲಿ ಕಾವಲು ಕೂರಬೇಕು. ಚಿರತೆ ಕಂಡರೆ ಕೂಗಬೇಕು. ಕೆಳಗೆ ಮೇಯುವ ಜಿಂಕೆಗಳು ಓಡಬೇಕು. ತುಂಗಿಗೆ ಆ ಕಾವಲೆಂದರೆ ಪ್ರಾಣ. ಆದರೆ ಜಿಂಕೆಗಳ ಯಜಮಾನ ಮೂಗು ಮುರಿದ.

"ಇವಳು ಚಿರತೆ ಅಂತ ಹೇಳಿ ಮುಗಿಸೋ ಹೊತ್ತಿಗೆ ನಾವು ಅದರ ಹೊಟ್ಟೇಲಿರ್ತೀವಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಹಾ, ಎಂಥ ಜಾಣ ಮಾತು! ಮಾತು ಸರಿಹೋಗುವ ತನಕ ತುಂಗಿಗೆ ಕಾವಲಿಲ್ಲ ಎಂದು ತೀರ್ಮಾನವಾಯಿತು. ತುಂಗಿ ಅತ್ತಳು. ಆಮೇಲೆ ಮಾತಾಡುವುದನ್ನೇ ಬಿಟ್ಟಳು. ಅವಳ ಅವ್ವ ಮಗಳನ್ನು ಗುರಪ್ಪನ ಹತ್ತಿರ ಕರೆದೊಯ್ದಳು.

"ನಾಲಗೆ ದಪ್ಪ, ಪುಕ್ಕಲುತನ, ನಿನ್ನ ಮುದ್ದು ಬೇರೆ ಜಾಸ್ತಿ," ಎಂದ ಗುರಪ್ಪ. ಇನ್ನೂ ತುಂಗಿಯ ಮುಖ ಕೂಡ ನೋಡಿರಲಿಲ್ಲ. "ಗುಣ ಮಾಡ್ತೀನಿ ತಾಯಿ. ದಿನಾ ಎಲಚಿ ಹಣ್ಣು ತಂದಿಡ್ತಾ ಇರು."

ನಾಲಗೆಗೆ ಬಜೆ ತೇದು ಹಚ್ಚಿದ. ಬಾಯಿಗೆ ಬೆಣಚುಕಲ್ಲು ತುರುಕಿದ. ಹಿಂದಿನಿಂದ ಬಂದು 'ಹೋ' ಎಂದು ಬೆಚ್ಚಿಬೀಳಿಸಿದ. ತುಂಗಿ ಇನ್ನೂ ಹೆಚ್ಚು ಉಗ್ಗಿದಳು. ಹಣ್ಣೂ ಇನ್ನೂ ಹೆಚ್ಚು ಬಂತು. ಇಂಥ ಒಳ್ಳೆಯ ಕಾಯಿಲೆಯನ್ನು ಗುಣ ಮಾಡಲು ಗುರಪ್ಪನಿಗೇನು ಹುಚ್ಚೇ? ಕೊನೆಗೊಂದು ಹೊಸ ಚಿಕಿತ್ಸೆ ಹುಡುಕಿದ. ಅವಳು ಎಲ್ಲಿ ಉಗ್ಗಿದರೆ ಅಲ್ಲೇ ತಡೆದು, "ತಪ್ಪು! ಮೊದಲಿಂದ ಹೇಳು!" ಎನ್ನುವುದು.

ಒಂದು ಸಂಜೆ ಅವನು ತನ್ನ ವಿದ್ಯೆ ಮೆರೆಸಲು ಜಿಂಕೆಗಳನ್ನೆಲ್ಲ ಮರದ ಕೆಳಗೆ ಸೇರಿಸಿದ. ತುಂಗಿಯನ್ನು ಕೊಂಬೆಯ ಮೇಲೆ ಕೂರಿಸಿದ.

"ಏನಾದ್ರೂ ಹೇಳು ಮಗು, ನಾಲ್ಕು ಜನ ಕೇಳಲಿ."

ತುಂಗಿ ತಲೆಯೆತ್ತಿದಳು. ಗುರಪ್ಪನ ಬೆನ್ನ ಹಿಂದಿನ ಪೊದೆಯಲ್ಲಿ ಚಿರತೆ ಹೊಂಚು ಹಾಕಿ ಕೂತಿತ್ತು!

"ಚಿ... ಚಿ... ಚಿ..."

ಜಿಂಕೆಗಳು ಅವಳ ಕಣ್ಣು ನೋಡಿದವು. ಅಷ್ಟೇ, ಎದ್ದೆವೋ ಬಿದ್ದೆವೋ ಎಂದು ಓಡಿದವು. ಪೂರ್ತಿ ಮಾತು ಯಾರಿಗೂ ಬೇಕಾಗಲಿಲ್ಲ, ಗುರಪ್ಪನೊಬ್ಬನಿಗೆ ಬಿಟ್ಟು.

"ತಪ್ಪು! ಮೊದಲಿಂದ ಹೇಳು! ಅಯ್ಯೋ, ಎಲ್ರೂ ಎಲ್ಲಿಗೆ ಹೊರಟ್ರಿ? ಇನ್ನೇನು ಗುಣ ಆಗ್ತಾ ಬಂತು!"

"ಚಿರ... ಚಿರ..."

"ಉಸಿರು ಎಳ್ಕೊ! ಮೊದಲಿಂದ!"

"ಚಿ... ಚಿರತೆ, ವೈದ್ಯಪ್ಪಾ!"

"ಶಹಬ್ಬಾಸ್!" ಎಂದ ಗುರಪ್ಪ. ಅದೇ ಅವನ ಕೊನೆಯ ಮಾತು. ಚಿರತೆಗೆ ಮೊದಲಿಂದ ಶುರು ಮಾಡುವ ಅಭ್ಯಾಸವಿರಲಿಲ್ಲ. ಒಂದೇ ಸಲಕ್ಕೆ ಮುಗಿಸಿತು.

ಮರುದಿನ ಅವ್ವ ತುಂಗಿಯನ್ನು ಆನೆಯಜ್ಜಿಯ ಹತ್ತಿರ ಕರೆದೊಯ್ದಳು. ಆನೆಯಜ್ಜಿ ಎಷ್ಟೋ ಮರಿಗಳಿಗೆ ಮಾತು ಕಲಿಸಿದವಳು. ತುಂಗಿ ಹೇಳಿದ್ದನ್ನೆಲ್ಲ ಅವಳು ಕಿವಿ ಅಲ್ಲಾಡಿಸುತ್ತ, ಒಮ್ಮೆಯೂ ನಡುವೆ ಬಾಯಿ ಹಾಕದೆ ಕೇಳಿದಳು.

"ನಾನು ಮುದ್ದು ಮಾಡಿದ್ದೇ ತಪ್ಪಾಯ್ತಾ ಅಜ್ಜಿ?" ಎಂದಳು ಅವ್ವ.

"ಯಾರ ತಪ್ಪೂ ಅಲ್ಲ ಕಣವ್ವಾ. ಕೆಲವರಿಗೆ ಮಾತು ಹೀಗೇ ಬರುತ್ತೆ. ಮೆಲ್ಲಗೆ ಶುರು ಮಾಡೋದನ್ನ ಇವಳಿಗೆ ಕಲಿಸ್ತೀನಿ. ಉಗ್ಗು ಪೂರ್ತಿ ಹೋಗುತ್ತೆ ಅಂತ ಮಾತ್ರ ಹೇಳಲ್ಲ. ಸುಮ್ಮನೆ ಕೇಳೋದನ್ನ ನಿಮಗೆಲ್ಲ ಕಲಿಸಬೇಕು, ಅದೇ ಕಷ್ಟ."

ದಿನ ಕಳೆದಂತೆ ತುಂಗಿಯ ಮಾತು ಹಗುರಾಯಿತು. ಆಗಾಗ ಉಗ್ಗುತ್ತಿದ್ದಳು, ಆದರೂ ಹೇಳಬೇಕಾದ್ದನ್ನು ಹೇಳಿಯೇ ತೀರುತ್ತಿದ್ದಳು. ಅವಳನ್ನು ಮತ್ತೆ ಕಾವಲಿಗೆ ಕರೆಯಲು ಜಿಂಕೆಗಳ ಯಜಮಾನನೇ ಬಂದ.

"ತುಂಗೀ, ನಾನು... ಅದು... ಅವತ್ತು ನಾನು..." ಎಂದ. ಅಷ್ಟು ದೊಡ್ಡ ಮಾತುಗಾರನಿಗೆ 'ತಪ್ಪಾಯ್ತು' ಎಂಬ ಒಂದು ಮಾತು ಗಂಟಲಿನಿಂದ ಈಚೆ ಬರಲೊಲ್ಲದು.

ಅವನು ಏನು ಹೇಳಲಿದ್ದಾನೆಂದು ತುಂಗಿಗೆ ಗೊತ್ತಿತ್ತು. ಆದರೂ ಅವನ ಮಾತನ್ನು ತಾನು ಮುಗಿಸಲಿಲ್ಲ. ಅವನೇ ಹೇಳುವ ತನಕ ಸುಮ್ಮನೆ ಕಾದಳು.

ನೀತಿ: ಉಗ್ಗುವವರನ್ನು ನೋಡಿ ನಗಬೇಡಿ, ತಡೆಯಬೇಡಿ, ಅವರು ಹೇಳಿ ಮುಗಿಸುವ ತನಕ ಕೇಳಿ. ಚಿಕಿತ್ಸೆ ಬೇಕಿದ್ದರೆ ಬಲ್ಲವರ ಹತ್ತಿರ ಹೋಗಿ, ಬಾಯಿಬಡುಕರ ಹತ್ತಿರ ಅಲ್ಲ.