ಮುಳುಗುಗಾರನ ಕೈಗಡಿಯಾರ

೧೯೯೬ ಫೆಬ್ರವರಿ ೧೧, ಭಾನುವಾರ. ಅಂದಿನ ದಿನಚರಿಯಲ್ಲಿ ನನ್ನ ಪ್ರಶ್ನೆಯನ್ನು ಹೀಗೆ ಬರೆದುಕೊಂಡಿದ್ದೇನೆ: "ಗುರುಗಳೇ, ತೀರಿಹೋದ ನನ್ನ ತಾಯಿಯ ಕಾಗದಗಳನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಈ ಪುಸ್ತಕಕ್ಕೆ ಇಳಿಸಿದ್ದೇನೆ. ಒಂದು ಮಾತೂ ಬಿಟ್ಟಿಲ್ಲ. ಆದರೂ ಓದುವಾಗ ಅವಳ ದನಿ ಕೇಳಿಸುವುದಿಲ್ಲ, ಏಕೆ?"

ಗುರುಗಳು ಪುಸ್ತಕವನ್ನು ತೆರೆಯದೆ ಮಡಿಲಲ್ಲಿಟ್ಟುಕೊಂಡು ಈ ಕತೆ ಹೇಳಿದರು.

ಬಂದರಿನ ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಕಡಲಲ್ಲಿ ಮುಳುಗುವವರು ಕಟ್ಟುತ್ತಿದ್ದ ಹಳೆಯ ಕೈಗಡಿಯಾರಗಳನ್ನು ಕೂಡಿಡುವುದು ಅವನ ಹವ್ಯಾಸ. ಕೀ ಕೊಡುವುದು ತಪ್ಪಿ, ಗಡಿಯಾರಗಳು ಸೆಲ್ಲಿನಿಂದ ನಡೆಯತೊಡಗಿದ ಮೊದಲ ವರ್ಷಗಳವೆಂದರೆ ಅವನಿಗೆ ಪ್ರಾಣ. ಅವು ಟಿಕ್ ಟಿಕ್ ಎನ್ನುವುದಿಲ್ಲ. ಕಿವಿಗಿಟ್ಟರೆ ಜೇನ್ನೊಣದಂತೆ ಸಣ್ಣಗೆ ಗುಂಯ್‌ಗುಡುತ್ತವೆ. ಗಾಜಿನ ಸುತ್ತ ತಿರುಗುವ ಒಂದು ಬಳೆಯಿರುತ್ತದೆ. ನೀರಿಗಿಳಿಯುವಾಗ ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ತಿರುಗಿಸಿಕೊಂಡರೆ, ಒಳಗೆ ಎಷ್ಟು ಹೊತ್ತು ಕಳೆಯಿತೆಂದು ತಿಳಿಯುತ್ತದೆ.

ಒಬ್ಬ ಮುಳುಗುಗಾರ ಹಡಗಿನ ತಳ ನೋಡಲು ಇಳಿದವನು ಜೀವಂತವಾಗಿ ಮೇಲೆ ಬರಲಿಲ್ಲ. ಹೆಣದ ಕೈಯಲ್ಲಿದ್ದ ಇಂಥದೇ ಗಡಿಯಾರ ಹೆಂಡತಿಯ ಪಾಲಿಗೆ ಬಂತು. ಅವಳು ಒಂಬತ್ತು ವರ್ಷ ಅದಕ್ಕೆ ಸೆಲ್ ಹಾಕಿಸುತ್ತ, ದಿನವೂ ಕಿವಿಗಿಟ್ಟು ಕೇಳಿದಳು. ಆಮೇಲೆ ಆ ಬಗೆಯ ಸೆಲ್ ಅಂಗಡಿಗಳಿಗೆ ಬರುವುದೇ ನಿಂತಿತು. ಅವಳು ವ್ಯಾಪಾರಿಯ ಬಳಿ ಹೋಗಿ, ಸದ್ದು ಮಾತ್ರ ಬರಿಸಿಕೊಡಿ, ನನ್ನ ಕಾಲಾನಂತರ ಇದು ನಿಮ್ಮದು ಎಂದಳು.

ಉಪ್ಪು ಕಟ್ಟಿದ್ದನ್ನು ನೋಡಿ ವ್ಯಾಪಾರಿ, ಉಪ್ಪಿನಕಾಯಿ ಭರಣಿಯಲ್ಲಿಟ್ಟಿದ್ದೆಯೇನಮ್ಮ ಎಂದು ನಕ್ಕ. ಒಂದು ತಿಂಗಳು ಅಕ್ಕರೆಯಿಂದ ಕೆಲಸ ಮಾಡಿದ. ಸೆಲ್ ಹೊಂದಿಸಿದ. ಉಪ್ಪು ಕೆರೆದ. ಗಾಜು ಬದಲಿಸಿದ. ಅವನ ಕಪಾಟಿನ ಗಡಿಯಾರಗಳೆಲ್ಲ ಬಳೆಯ ಗುರುತು ಹನ್ನೆರಡರ ಮೇಲಿರುವಂತೆ ನಿಂತಿದ್ದವು. ಇದನ್ನೂ ಹಾಗೆಯೇ ತಿರುಗಿಸಿದ.

ಅವಳು ಕಿವಿಗಿಟ್ಟುಕೊಂಡಳು. ಮುಖ ಅರಳಿತು. ಆಮೇಲೆ ನೋಡಿದಳು.

"ಬಳೆ ಎಲ್ಲಿ ನಿಂತಿತ್ತು ಅಣ್ಣ?"

"ವಾರೆಯಾಗಿತ್ತು ತಂಗಿ. ನೆಟ್ಟಗೆ ಮಾಡಿದೆ."

"ಕೊನೆಗೆ ತಿರುಗಿಸಿದ್ದು ಅವರ ಕೈ. ನಾನು ಒರೆಸಿಯೂ ಇರಲಿಲ್ಲ." ಅವಳು ಗಡಿಯಾರವನ್ನು ಮೇಜಿನ ಮೇಲಿಟ್ಟಳು. "ಈಗಲೇ ನಿಮ್ಮದಾಯಿತು, ಇಟ್ಟುಕೊಳ್ಳಿ."

ಅವಳು ಮತ್ತೆ ಬರಲಿಲ್ಲ. ವ್ಯಾಪಾರಿ ದಿನವೂ ಕುಳಿತು ಆ ಬಳೆಯನ್ನು ಒಂದೊಂದೇ ನಿಮಿಷ ಸರಿಸಿ ನೋಡುತ್ತಿದ್ದ. ಅರವತ್ತು ಗೆರೆಗಳಲ್ಲಿ ಯಾವುದೋ ಒಂದು. ಯಾವುದೆಂದು ಅವನಿಗೆ ನೆನಪಾಗಲಿಲ್ಲ.

ಕತೆ ಮುಗಿಸಿ ಗುರುಗಳು ನನ್ನ ಪುಸ್ತಕವನ್ನು ಹಿಂದಿರುಗಿಸಿದರು.

"ಮಗಳೇ, ನಿನ್ನ ತಾಯಿ ತಮ್ಮ ಕೈಯಿಂದಲೇ ಬರೆದ ಕಾಗದಗಳು ಎಲ್ಲಿವೆ?"

ಒಟ್ಟು ಮೂವತ್ತೊಂದು ಕಾಗದಗಳು. ನಕಲು ಮುಗಿದ ದಿನವೇ ಬಚ್ಚಲ ಒಲೆಗೆ ಹಾಕಿದ್ದೆ.