ಗಂಟೆದೊಣೆಗೆ ನೀರು ಬಂದ ಕಥೆ

ದ್ವಾಪರಯುಗವು ಮುಗಿಯುತ್ತ ಬಂದು, ಧರ್ಮದೇವತೆಗೆ ಇನ್ನೂ ಎರಡು ಕಾಲುಗಳಾದರೂ ಉಳಿದಿದ್ದವೆಂದು ಬಲ್ಲವರು ಹೇಳುವ ಆ ಕಾಲದಲ್ಲಿ, ಕುರುಚಲು ಕಾಡಿನಿಂದಲೂ ಕರಿಬಂಡೆಗಳಿಂದಲೂ ಪರಿವೃತವಾದ ಈ ಗಿರಿಯ ತಪ್ಪಲಿನಲ್ಲಿ ಮೃಗಯಾವೃತ್ತಿಯಿಂದ ಜೀವಿಸುವವರ ಹಟ್ಟಿಯೊಂದಿತ್ತು. ಗಿರಿಯ ನೆತ್ತಿಯಲ್ಲಿ ಕೌಂಡಲನೆಂಬ ಮಹಾಮುನಿಯು ಕಂದಮೂಲಫಲಾಹಾರಿಯಾಗಿ, ಸಕಲಭೂತದಯಾಪರನಾಗಿ, ನೆಲದ ಇರುವೆಗೂ ನೋವಾಗದಂತೆ ಹೆಜ್ಜೆಯಿಡುತ್ತ ತಪಸ್ಸನ್ನಾಚರಿಸುತ್ತಿದ್ದನು. ಆತನು ಕುಳಿತುಕೊಳ್ಳುತ್ತಿದ್ದುದು ಮಾತ್ರ ಜಿಂಕೆಯ ಚರ್ಮದ ಮೇಲೆ. ಆ ಚರ್ಮವು ಹಟ್ಟಿಯಿಂದಲೇ ಹೋಗುತ್ತಿತ್ತು. ಕೆಳಗಿನವರು ಕೊಲ್ಲುತ್ತಿದ್ದರು, ಮೇಲಿನವರು ಮರುಗುತ್ತಿದ್ದರು, ಹೀಗೆ ಇಬ್ಬರಿಗೂ ಬಹುಕಾಲ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು.

ಆ ಹಟ್ಟಿಯ ಹಿರಿಯನಾದ ಕಾಟಯ್ಯನ ಮಡದಿ ಬೋರವ್ವ. ಚೊಚ್ಚಲ ಹೆರಿಗೆಯಲ್ಲಿ ಹುಟ್ಟಿದ ಹೆಣ್ಣುಕೂಸು ಕಣ್ಣುಬಿಡುವ ಮೊದಲೇ ತೀರಿಕೊಂಡಿತು. ಕೂಸು ಹೋಯಿತೆಂದು ಎದೆಹಾಲು ನಿಲ್ಲುತ್ತದೆಯೇ? ಬಾವು ಬಂದು ಜ್ವರವೇರಿ ಅವಳು ಒದ್ದಾಡುತ್ತಿದ್ದಾಗ, ಬಾಣಂತಿಗೆ ಬಲ ಬರಲೆಂದು ಕಾಟಯ್ಯನು ಕಾಡಿಗೆ ಹೋಗಿ ಹೆಣ್ಣುಜಿಂಕೆಯೊಂದನ್ನು ಹೊಡೆದು ಹೆಗಲ ಮೇಲೆ ಹೊತ್ತುತಂದನು. ಅದರ ಹಿಂದೆಯೇ, ತಾಯಿಯ ತಲೆ ಜೋತಾಡುತ್ತಿದ್ದ ಕಡೆಗೆ ಮೂತಿ ಚಾಚುತ್ತ, ಒಂದು ಪುಟ್ಟ ಮರಿಯೂ ಬಾಗಿಲವರೆಗೆ ಬಂತು. ತಾಯಿ ಒಲೆಯ ಮೇಲಿನ ಗಡಿಗೆಗೆ ಹೋಯಿತು. ಮರಿ ಬೋರವ್ವನ ಮಡಿಲಿಗೆ ಹೋಯಿತು. ಅವಳು ಆ ಸಾರು ಕುಡಿದು ಚೇತರಿಸಿಕೊಂಡಳು, ಆ ಮರಿಗೆ ಹಾಲೂಡಿಸಿ ಬದುಕಿಸಿದಳು. ಚೆನ್ನಿ ಎಂದು ಹೆಸರಿಟ್ಟಳು.

ಕಾಡಿನ ಹಿಂಡನ್ನು ನಂಬಿಸಿ ಬಲೆಯೆಡೆಗೆ ಕರೆತರಲು ಬೇಟೆಗಾರರು ಸಾಕುತ್ತಿದ್ದ ಜಿಂಕೆಗೆ ದೀವದ ಜಿಂಕೆಯೆಂದು ಹೆಸರು. ಚೆನ್ನಿಯನ್ನು ಹಾಗೆಯೇ ಪಳಗಿಸಿದರು. ಅವಳು ಹಿಂಡಿನೊಡನೆ ಮೇಯುತ್ತಿರುವಳು. ಕಾಟಯ್ಯನು ಸಿಳ್ಳು ಹಾಕಿದೊಡನೆ ಕಣಿವೆಯ ಇಕ್ಕಟ್ಟಿನತ್ತ ನಡೆಯುವಳು. ನಂಬಿದ ಹಿಂಡು ಹಿಂದೆಯೇ ಬರುವುದು. ಬಲೆ ಬಿದ್ದ ಮೇಲೆ ಬೇರೆ ಜಿಂಕೆಗಳು ಹುಚ್ಚೆದ್ದು ಹಾರಿ ಮುಳ್ಳುಕಂಟಿಗೆ ಸಿಕ್ಕು ಮೈ ಹರಿದುಕೊಳ್ಳುತ್ತಿದ್ದರೆ, ಚೆನ್ನಿ ಒಂದು ಕಡೆ ನಿಂತು ಹಿಡಿ ನವಣೆಗಾಗಿ ಕಾಯುತ್ತಿರುವಳು. ದೀವದ ಜಿಂಕೆಯನ್ನು ಹಟ್ಟಿಯವರು ಮನೆಮಗಳೆನ್ನುತ್ತಿದ್ದರು. ಅದರ ಮೈಗೆ ಕತ್ತಿ ತಾಗಿಸುವಂತಿರಲಿಲ್ಲ, ಸತ್ತರೆ ಮನೆಯವರ ಸಮಾಧಿಯ ಪಕ್ಕದಲ್ಲೇ ಮಣ್ಣು. ಗುರುತಿಗೆ ಕೊರಳಲ್ಲಿ ಅರಿಸಿನದ ದಾರ, ದಾರದಲ್ಲಿ ಒಂದು ಕಂಚಿನ ಗಂಟೆ. ಗಂಟೆಯ ಸದ್ದು ಕೇಳಿದೊಡನೆ ಎತ್ತಿದ ಕೈ ತಾನಾಗಿ ಇಳಿಯುತ್ತಿತ್ತು. ಆ ದಾರವನ್ನು ಹಬ್ಬಹಬ್ಬಕ್ಕೂ ಬೋರವ್ವನೇ ಬದಲಿಸುವಳು. ಬೇಟೆಯ ಬಾಡಿನಲ್ಲಿ ಅವಳ ಮನೆಗೆ ಒಂದು ಪಾಲು ಹೆಚ್ಚು ಬರುತ್ತಿತ್ತು. ಮಗಳ ದುಡಿಮೆಯೆಂದು ಅವಳು ಹೆಮ್ಮೆಯಿಂದಲೇ ಉಣ್ಣುತ್ತಿದ್ದಳು, ಅದರಲ್ಲೇನೋ ವಿಚಿತ್ರವಿದೆಯೆಂದು ಒಮ್ಮೆಯೂ ಅವಳಿಗೆ ತೋಚಲಿಲ್ಲ.

ಹೀಗಿರಲು ಕೌಂಡಲಮುನಿಯು ಲೋಕಕಲ್ಯಾಣಾರ್ಥವಾಗಿ ಒಂದು ಮಹಾವ್ರತವನ್ನು ಸಂಕಲ್ಪಿಸಿದನು. ಅದಕ್ಕೆ ಬಾಣದ ತೂತಾಗಲಿ ಮುಳ್ಳಿನ ಗೀರಾಗಲಿ ಇಲ್ಲದ ಅಕ್ಷತವಾದ ಅಜಿನವೇ ಆಸನವಾಗಬೇಕಿತ್ತು. ಹಟ್ಟಿಯವರು ತಂದ ಚರ್ಮಗಳಲ್ಲಿ ಒಂದೂ ಹಾಗಿರಲಿಲ್ಲ. ಸುತ್ತಮುತ್ತಲ ಕಾಡಿನಲ್ಲೆಲ್ಲ ಗೀರಿಲ್ಲದ ಮೈಯಿದ್ದದ್ದು ಚೆನ್ನಿಯೊಬ್ಬಳದೇ. ಮುನಿಯು ಇಳಿದುಬಂದು ಹಟ್ಟಿಯ ಬಾಗಿಲಲ್ಲಿ ನಿಂತು ಅವಳನ್ನು ಬೇಡಿದನು.

ಬೋರವ್ವನು ಅಡ್ಡ ನಿಂತಳು. "ಅದ್ನ ಕೊಡಾಕಾಗಲ್ಲ ಸ್ವಾಮಿ. ನನ್ನೆದೆ ಹಾಲು ಕುಡ್ದೈತೆ, ನನ್ನ ಮಗಳು ಅದು."

"ಮಗಳೇ?" ಎಂದು ಮುನಿಯು ನಕ್ಕನು. "ತಾಯೀ, ನೀನು ತಿಂದವೂ ಇದೇ ಜಾತಿಯವೇ. ಅವಕ್ಕೂ ಇದೇ ಕಣ್ಣು, ಇದೇ ಕಿವಿ. ಇದರ ಹೆತ್ತಬ್ಬೆಯ ಸಾರು ಕುಡಿದಾಗ ನಿನಗೆ ಈ ಮಾತು ಹೊಳೆಯಲಿಲ್ಲವೇ?"

ಮಾತು ನಿಜವಾಗಿತ್ತು. ನಿಜವನ್ನು ಆಡಿದವನು ಒಂದು ಸತ್ತ ಜಿಂಕೆಯ ತೊಗಲನ್ನು ಬಗಲಲ್ಲಿ ಸುತ್ತಿಕೊಂಡು ನಿಂತಿದ್ದನೆಂಬುದು ಯಾರ ಕಣ್ಣಿಗೂ ಬೀಳಲಿಲ್ಲ. ವ್ರತಾಸನವಾದ ಮೃಗಕ್ಕೆ ಸದ್ಗತಿಯು ನಿಶ್ಚಿತವೆಂದು ಅಭಯವಿತ್ತು ಮುನಿಯು ಬೆಟ್ಟವೇರಿದನು. ಮುನಿಶಾಪಕ್ಕೆ ಹೆದರಿದ ಹಟ್ಟಿಯ ಮಂದಿ ಕಾಟಯ್ಯನ ಮುಖ ನೋಡಿದರು, ಕಾಟಯ್ಯ ನೆಲ ನೋಡಿದ.

ಮರುದಿನ ಮುಂಜಾನೆ ನೀರಿಗೆಂದು ಹೊರಟ ಬೋರವ್ವನು ಚೆನ್ನಿಯನ್ನು ಕಾಡಿನಂಚಿಗೆ ಕರೆದೊಯ್ದಳು. ಗಂಟೆಯ ಸದ್ದಿಗೆ ಯಾರಾದರೂ ಹುಡುಕಿಬಂದಾರೆಂದು ಹೆದರಿ, ದಾರವನ್ನು ಹಲ್ಲಿನಿಂದ ಕಡಿದು ಗಂಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಕಿವಿಗೆ ಹಚ್ಚಿದ್ದ ಅರಿಸಿನವನ್ನೂ ಉಜ್ಜಿ ಅಳಿಸಿದಳು. "ಹೋಗವ್ವಾ, ನಿನ್ನ ಬಳಗ ಸೇರ್ಕೋ. ಯಾರ್ ಕರುದ್ರೂ ಬರಬ್ಯಾಡ," ಎಂದು ಅತ್ತು ಅಟ್ಟಿದಳು. ಮನೆಗೆ ಬಂದು, ಹಗ್ಗ ಹರಿದುಕೊಂಡು ಓಡಿಹೋಯಿತೆಂದು ಗಂಡನಿಗೆ ಸುಳ್ಳು ಹೇಳಿದಳು. ಆ ಗಂಟೆಯೊಂದೇ ತನ್ನ ಮಗಳನ್ನು ಇಷ್ಟು ದಿನ ಕಾಯ್ದದ್ದೆಂಬುದು, ಅದನ್ನು ವರುಷಗಟ್ಟಲೆ ಕಟ್ಟಿದವಳಿಗೇ ಆ ಹೊತ್ತಿನಲ್ಲಿ ನೆನಪಾಗದೆ ಹೋಯಿತು.

ದೀವದ ಜಿಂಕೆಯಿಲ್ಲದಿದ್ದರೂ ಮುನಿಗೆ ಬೇಕಾದ ಚರ್ಮಕ್ಕಾಗಿ ಬೇಟೆಗೆ ಹೋಗಲೇಬೇಕಾಯಿತು. ಕಣಿವೆಯ ಇಕ್ಕಟ್ಟಿನಲ್ಲಿ ಬಲೆಯೊಡ್ಡಿ, ಕಾಟಯ್ಯನು ರೂಢಿಯಿಂದಲೋ ಆಸೆಯಿಂದಲೋ ಸಿಳ್ಳು ಹಾಕಿದನು. ಹಾಕಿ, ಗಂಟೆಯ ಸದ್ದಿಗಾಗಿ ಕಿವಿಗೊಟ್ಟನು. ಗಂಟೆ ಕೇಳಲಿಲ್ಲ, ಆದರೆ ಧೂಳೆಬ್ಬಿಸುತ್ತ ಹಿಂಡು ಬಂತು. ಚೆನ್ನಿ ಬಂದಿಲ್ಲವೆಂದು ಅವನು ನಿಟ್ಟುಸಿರು ಬಿಟ್ಟು ಬಲೆ ಬೀಳಿಸಿದನು. ಆ ಧೂಳಿನಲ್ಲಿ ಎಲ್ಲವೂ ಹಾರಾಡುತ್ತಿರಲು, ಒಂದು ಮಾತ್ರ ಹಾರದೆ ಕೊಸರದೆ, ಅವನ ಕಡೆಗೇ ಮುಖಮಾಡಿ ಸುಮ್ಮನೆ ನಿಂತಿತ್ತು. ಗೀರಿಲ್ಲದ ಚರ್ಮ ದೈವವೇ ಕೊಟ್ಟಿತೆಂದು ಹಿಗ್ಗಿದ ಕಾಟಯ್ಯನು, ತೊಗಲು ಕೆಡದಂತೆ ಅದರ ಗಂಟಲಿಗೆ ಒಂದೇ ಏಟು ಹಾಕಿದನು.

ಮನೆಗೆ ಬಂದಾಗ ಅವನ ಮುಖ ಅರಳಿತ್ತು. "ಅಳಬ್ಯಾಡ ಬಿಡು," ಎಂದನು. "ಸ್ವಾಮಿಗೆ ಬೇಕಾದಂಥ ಚರ್ಮ ಸಿಕ್ತು. ಇನ್ಮ್ಯಾಕೆ ಚೆನ್ನಿ ಎಲ್ಲಿಂದಾರ ತಿರುಗಿ ಬಂದ್ರೂ ಯಾರೂ ಮುಟ್ಟಲ್ಲ. ನಿನ್ನ ಮಗಳು ಉಳುದ್ಲು."

ಬೋರವ್ವನಿಗೆ ಹೋದ ಜೀವ ಬಂದಂತಾಯಿತು. ಖಾರವರೆದು ಬಾಡು ಬೇಯಿಸಿದಳು, ಗಂಡನಿಗೆ ಬಡಿಸಿದಳು, ತಾನೂ ಹಸಿದ ಹೊಟ್ಟೆಗೆ ಎರಡೆರಡು ಸಲ ಹಾಕಿಕೊಂಡು ಉಂಡಳು. ಮೆತ್ತನೆಯ ಬಾಡು, ರುಚಿಯಾಗಿತ್ತು. ಅದನ್ನು ಹೇಳದೆ ಮುಚ್ಚಿಡುವುದು ಕಥೆ ಹೇಳುವವನಿಗೆ ಸಲ್ಲದು.

ಚರ್ಮವು ಒಣಗಿ ಹದವಾದ ಮೇಲೆ, ವ್ರತಾರಂಭದಂದು ಹಟ್ಟಿಗೆ ಹಟ್ಟಿಯೇ ಗಿರಿಯನ್ನೇರಿತು. ಕೌಂಡಲಮುನಿಯು ಮಂತ್ರಪೂರ್ವಕವಾಗಿ ಅಜಿನವನ್ನು ಬಂಡೆಯ ಮೇಲೆ ಹಾಸಿ ಕುಳಿತನು. ನಮಸ್ಕರಿಸಲು ಬಾಗಿದ ಬೋರವ್ವನ ಕಣ್ಣು ಚರ್ಮದ ಕೊರಳಿನ ಭಾಗಕ್ಕೆ ಬಿತ್ತು. ಅಲ್ಲಿ ಸುತ್ತಲೂ ಕೂದಲು ಸವೆದು, ದಾರದಗಲ ಒಂದು ಗೆರೆ ಮೂಡಿತ್ತು. ಹಬ್ಬಹಬ್ಬಕ್ಕೂ ಆ ಗೆರೆಯ ಮೇಲೆಯೇ ಹೊಸ ದಾರ ಕಟ್ಟಿದ ಬೆರಳುಗಳಿಗೆ ಅದರ ಗುರುತು ಹೇಳಿಕೊಡುವವರು ಬೇಕಿರಲಿಲ್ಲ.

ಅವಳು ಅಳಲಿಲ್ಲ. ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಗಂಟೆಯನ್ನೆತ್ತಿ ಬಂಡೆಗೆ ಬೀಸಿ ಒಗೆದು, ಗಿರಿಯೆಲ್ಲ ಕೇಳುವಂತೆ ಕೂಗಿದಳು: "ಇದ್ದೀಯೇನಪ್ಪಾ ದೇವ್ರೇ, ಇದ್ರೆ ನನ್ನ ಮಗಳ್ನ ನಂಗೆ ಕೊಡು!"

ಆಗ ಆ ಶಿಲೆಯೊಳಗಿನಿಂದ, ಸಮಸ್ತಪ್ರಾಣಿಗಳಿಗೂ ಪ್ರಭುವಾದ ಪಶುಪತಿಯ ವಾಣಿಯು ಕೇಳಿಬಂತು:

"ಯಾವ ಮಗಳನ್ನು ಕೊಡಲಿ? ನಿನ್ನ ಬಾಗಿಲಲ್ಲಿ ಅಂದು ಒಂದು ಮರಿಯೂ ತನ್ನ ತಾಯಿಯನ್ನು ಕೊಡೆಂದು ಕೂಗಿತ್ತು. ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ನೀವು ಗಂಟೆಗೆ ಕಿವಿಗೊಟ್ಟಿರಿ, ಉಸಿರಿಗೆ ಕಿವಿಗೊಡಲಿಲ್ಲ. ಗಂಟೆ ಬಿಚ್ಚಿದ ಮೇಲೆ ಸಾಕಿದವನ ಕಣ್ಣಿಗೆ ಗುರುತು ಸಿಗಲಿಲ್ಲ, ಹಾಲೂಡಿಸಿದವಳ ನಾಲಗೆಗೂ ಸಿಗಲಿಲ್ಲ. ಮುನಿಯೇ, ಕೊಲ್ಲದ ನಿನ್ನ ಕೈಗೆ ಕೊಂದವನ ಕೈಯಿಂದ ಆಸನ ಬಂತು. ಕೊರಳನ್ನು ಮಾಡಿದವನು ನಾನು. ಗಂಟೆಯನ್ನು ಕಟ್ಟಿದವರು ನೀವು."

ಅಷ್ಟು ನುಡಿದು ವಾಣಿಯು ಅಡಗಿತು. ಮಗಳನ್ನು ಕೊಡಲಿಲ್ಲ. ಮುನಿಯ ಕೆಳಗಿನ ಅಜಿನವು ಕಲ್ಲಾಯಿತು. ಅದರೊಡನೆ ಅವನೂ ಕಲ್ಲಾದನು. ಗಂಟೆ ಬಡಿದ ಕಡೆ ಬಂಡೆಯು ಗಂಟೆಯಾಕಾರದಲ್ಲಿ ಕುಸಿದು, ಅದರಲ್ಲಿ ನೀರು ತುಂಬಿ ದೊಣೆಯಾಯಿತು. ಬೋರವ್ವನು ಆ ನೀರನ್ನಲ್ಲದೆ ಬೇರೇನನ್ನೂ ಬಾಯಿಗಿಡದೆ, ದೊಣೆಯ ದಡದಲ್ಲಿಯೇ ಪ್ರಾಣಬಿಟ್ಟಳು. ಕಾಟಯ್ಯನು ಅವಳನ್ನೂ, ಮನೆಯ ಹಿತ್ತಲಲ್ಲಿ ಉಳಿದಿದ್ದ ಕೆಲವು ಎಲುಬುಗಳನ್ನೂ ಒಂದೇ ಗುಂಡಿಯಲ್ಲಿಟ್ಟು ಮಣ್ಣು ಮಾಡಿದನೆಂದು ಹಿರಿಯರು ಹೇಳುತ್ತಾರೆ.

ಕ್ಷೇತ್ರಕ್ಕೆ ಬರುವ ಭಕ್ತರು ಇಂದಿಗೂ ಗಿರಿಯ ನೆತ್ತಿಯಲ್ಲಿ ನಾಲ್ಕು ಕಾಲು ಚಾಚಿದ ಚರ್ಮದಂತಿರುವ ಹಾಸುಬಂಡೆಯನ್ನೂ, ಅದರ ಮೇಲೆ ಕುಳಿತ ಮನುಷ್ಯನಂತಿರುವ ಗುಂಡುಕಲ್ಲನ್ನೂ, ಪಕ್ಕದಲ್ಲಿ ಕಡುಬೇಸಗೆಯಲ್ಲೂ ಬತ್ತದ ಗಂಟೆದೊಣೆಯನ್ನೂ ದರ್ಶಿಸಬಹುದು. ನೀರು ತುಸು ಒಗರು; ಒಂದು ಬೊಗಸೆಗಿಂತ ಹೆಚ್ಚು ಯಾರೂ ಕುಡಿಯಲಾರರು. ವರ್ಷಾವಧಿ ಉತ್ಸವದ ದಿನ ಭಕ್ತಾದಿಗಳು ಹರಕೆಯ ಆಡುಗಳನ್ನು ಹೊಡೆದುಕೊಂಡು ಬರುತ್ತಾರೆ. ಅವುಗಳಲ್ಲಿ ಒಂದನ್ನು ಆರಿಸಿ, ದೊಣೆಯ ನೀರು ಪ್ರೋಕ್ಷಿಸಿ, ಬೋರವ್ವನ ನೆನಪಿಗೆ ಅರಿಸಿನದ ದಾರದಲ್ಲಿ ಗಂಟೆ ಕಟ್ಟಿ ಬೆಟ್ಟಕ್ಕೆ ಬಿಡುತ್ತಾರೆ. ಗಂಟೆ ಕಟ್ಟಿಸಿಕೊಂಡ ಆಡು ಚೆನ್ನಿಯೇ. ಅದಕ್ಕೆ ಬಾಳೆಹಣ್ಣು ತಿನ್ನಿಸಿ, ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ನೂಕುನುಗ್ಗಲು. ಮಿಕ್ಕವನ್ನು ತಪ್ಪಲಿನ ತೋಪಿಗೆ ಇಳಿಸುತ್ತಾರೆ. ಅಲ್ಲಿ ಒಲೆಗಳು ಮೊದಲೇ ಹೊತ್ತಿರುತ್ತವೆ.

ಈ ಕಥೆಯನ್ನು ಭಕ್ತಿಯಿಂದ ಓದಿದವರಿಗೆ ಇಂಥ ಫಲವೆಂದು ಹಿಂದಿನವರು ಯಾರೂ ಹೇಳಿಹೋಗಿಲ್ಲ. ಬೆಟ್ಟಕ್ಕೆ ಬಿಟ್ಟ ಆಡಿನ ದಾರವು ಬಿಸಿಲಿಗೆ ಮಳೆಗೆ ಸಿಕ್ಕಿ ಲಡ್ಡಾಗಿ ಎಂದಾದರೊಂದು ದಿನ ಹರಿದುಬೀಳುತ್ತದೆ. ಗಂಟೆಯಿಲ್ಲದ ಆಡು ಮನುಷ್ಯರ ರೂಢಿಗೆ ಬಿದ್ದದ್ದು, ಬಾಳೆಹಣ್ಣಿನ ಆಸೆಗೆ ತಾನಾಗಿ ತೋಪಿಗೆ ಇಳಿದುಬರುತ್ತದೆ. ಬಂದು, ಕೊಸರದೆ ನಿಲ್ಲುತ್ತದೆ. ಅದರ ಕೊರಳಲ್ಲೂ ದಾರದಗಲ ಕೂದಲು ಸವೆದಿರುತ್ತದೆ. ಮಸಾಲೆ ಅರೆಯುವ ಗಡಿಬಿಡಿಯಲ್ಲಿ ಯಾರೂ ಅದನ್ನು ನೋಡುವುದಿಲ್ಲ.