ಕಪ್ಪಾದ ಪರದೆ

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಗುರುಪಾದಯ್ಯ ಎಂಬ ಗುರುಗಳಿದ್ದರು. ನೀಲವ್ವ ಅವರ ಶಿಷ್ಯೆ, ಮಹಾ ಹಟಮಾರಿ.

ಆಶ್ರಮದ ತಾಡೋಲೆಗಳ ಅಕ್ಷರ ಮಾಸಿಹೋಗಿತ್ತು. ಫೋಟೊ ಕೊಟ್ಟರೆ ಮಾಸಿದ್ದನ್ನು ಎತ್ತಿ ತೋರಿಸುವ ಸಾಫ್ಟ್‌ವೇರ್ ಒಂದಿತ್ತು, ಆದರೆ ಅದು ಆಶ್ರಮದ ಕಂಪ್ಯೂಟರಿಗೆ ಒಗ್ಗದು. ಕಂಪ್ಯೂಟರಿನೊಳಗೇ ಬರೀ ಸಾಫ್ಟ್‌ವೇರಿನಿಂದ ಇನ್ನೊಂದು ಕಂಪ್ಯೂಟರ್ ಕಟ್ಟಿ, ಹೊರಗಿನದರ ಗ್ರಾಫಿಕ್ಸ್ ಕಾರ್ಡನ್ನು ಒಳಗಿನದಕ್ಕೆ ಬಿಟ್ಟುಕೊಡಬೇಕಿತ್ತು.

ಹೊರಗಿನವರಿಂದ ಮಾಡಿಸೋಣ ಎಂದರು ಆಶ್ರಮದ ಹಿರಿಯರು.

"ಯಾಕ? ನಮ್ಮ ನೀಲವ್ವ ಮಾಡ್ತಾಳ," ಎಂದು ಗುರುಗಳು ತುಂಬಿದ ಸಭೆಯಲ್ಲಿ ಎದೆ ತಟ್ಟಿ ಹೇಳಿಬಿಟ್ಟರು. ನಾಲ್ಕು ದಿನದ ಗಡುವು ಸಿಕ್ಕಿತು.

ನಾಲ್ಕನೆಯ ದಿನ ಬೆಳಗ್ಗೆ ನೀಲವ್ವ ಗುರುಗಳ ಮುಂದೆ ತಲೆ ತಗ್ಗಿಸಿ ಬಂದು ನಿಂತಳು. ಅವರ ಮಾತು ತನ್ನಿಂದ ಮಣ್ಣುಪಾಲಾಯಿತಲ್ಲ ಎಂದು ಅವಳಿಗೆ ಸಂಕಟ.

"ಆಗವಲ್ದರಿ, ಅಜ್ಜಾರ. ಕಾರ್ಡು ಒಳಗಿನದಕ್ಕ ಕೊಟ್ಟ ಕೂಡಲೆ ಪರದೆ ಕಪ್ಪಾಗ್ತದ."

"ಆಮ್ಯಾಲೆ?"

"ಕೆಟ್ಟು ಕೂತಿತು ಅಂತ ಆಗಿಂದಾಗ ಗುಂಡಿ ಒತ್ತಿ ಆರಿಸ್ತೀನಿ. ಮಾಡಿದ್ದೆಲ್ಲಾ ಅಳಿಸಿ, ಮತ್ತ ಮೊದಲಿಂದ ಮಾಡ್ತೀನಿ. ಮತ್ತ ಕಪ್ಪು."

"ಎಷ್ಟು ಕಾರ್ಡು ಅದಾವ?"

"ಒಂದ ಅದರಿ."

"ಪರದೆ ಮ್ಯಾಲೆ ಚಿತ್ರ ತರೋದು ಯಾವುದು?"

"ಅದ ಕಾರ್ಡರಿ."

"ಇದ್ದೊಂದನ್ನೂ ಕೊಟ್ಟಿ. ಇನ್ನ ಹೊರಗ ಏನು ಕಾಣಬೇಕಂತೀ?"

ನೀಲವ್ವ ಕಂಪ್ಯೂಟರಿನತ್ತ ತಿರುಗಿ ನೋಡಿದಳು.

"ಮೊದಲನೇ ದಿನ ಹ್ಯಾಂಗ ಮಾಡಿದ್ದಿ, ಈಗೂ ಹಂಗ ಮಾಡು," ಎಂದರು ಗುರುಗಳು.

ಅವಳು ಎಲ್ಲ ಹಾಗೆಯೇ ಮಾಡಿ ಒಳಗಿನ ಯಂತ್ರವನ್ನು ಶುರು ಮಾಡಿದಳು. ಅಷ್ಟರಲ್ಲಿ ಗುರುಗಳು ಅಂಚಿನವರೆಗೆ ನೀರು ತುಂಬಿದ ಎರಡು ತಂಬಿಗೆ ತಂದು ಅವಳ ಎರಡೂ ಕೈಗೆ ಕೊಟ್ಟರು.

"ಹನಿ ಚೆಲ್ಲಬ್ಯಾಡ."

ಪರದೆ ಕಪ್ಪಾಯಿತು. ನೀಲವ್ವನ ಬೆರಳು ಗುಂಡಿಗಾಗಿ ಚಡಪಡಿಸಿತು. ಆದರೆ ಕೈ ಎಲ್ಲಿ ಖಾಲಿ ಇದೆ?

"ಅಜ್ಜಾರ, ತಂಬಿಗಿ ಕೆಳಗ ಇಡ್ಲೇನರಿ?"

"ಹಿಡಕೊಂಡಿರು."

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಅವಳ ತೋಳು ಸೋಲತೊಡಗಿತು; ಇಷ್ಟು ಹೊತ್ತು ಅವಳು ಒಮ್ಮೆಯೂ ಕಾದಿರಲಿಲ್ಲ. ಗುರುಗಳು ಮಾತ್ರ ಆರಾಮಾಗಿ ವಿಭೂತಿ ಹಚ್ಚಿಕೊಳ್ಳುತ್ತಿದ್ದರು.

ಪರದೆ ಬೆಳಗಿತು. ಅದೇ ಕಾರ್ಡಿನಿಂದ ಒಳಗಿನ ಯಂತ್ರ ಕಣ್ಣು ಬಿಟ್ಟಿತ್ತು.

ನೀಲವ್ವ ತಂಬಿಗೆ ಇಟ್ಟು ಮೊದಲ ಓಲೆಯ ಫೋಟೊ ಹಾಕಿದಳು. ಅಜ್ಜ ಮುತ್ತಜ್ಜಂದಿರೂ ಓದಲಾರದೆ ಕೈಬಿಟ್ಟಿದ್ದ ಸಾಲುಗಳು ಒಂದೊಂದಾಗಿ ಮೇಲೆದ್ದು ಬಂದವು. ಅವಳ ತಲೆ ತಾನಾಗಿಯೇ ಮೇಲಾಯಿತು. ನಾನು ಮಾಡಿದೆ ಎಂಬ ಹೆಮ್ಮೆಗೆ ಕಣ್ಣಲ್ಲಿ ನೀರು ಬಂತು.

ಮಧ್ಯಾಹ್ನ ಹಿರಿಯರೆಲ್ಲ ಬಂದು ನೋಡಿದರು. ಅವರಲ್ಲಿ ದೊಡ್ಡವರಾದ ಸಂಗನಗೌಡರು ಕನ್ನಡಕ ಏರಿಸಿ ಒಂದು ಸಾಲು ಗಟ್ಟಿಯಾಗಿ ಓದಿದರು.

"ಭಲೆ. ಇಷ್ಟು ದಿನ ಏನು ಕೆಟ್ಟಿತ್ತವ್ವ ಇದರಾಗ?" ಎಂದು ಕೇಳಿದರು.

ನೀಲವ್ವ ಗುರುಗಳ ಕಡೆ ನೋಡಿದಳು. ಗುರುಗಳು ಅವಳ ಬೆನ್ನ ಮೇಲೆ ಕೈಯಿಟ್ಟು, ಸಭೆಗೆಲ್ಲ ಕೇಳುವಂತೆ ಹೇಳಿದರು.

"ಏನೂ ಕೆಟ್ಟಿರಲಿಲ್ಲ, ಗೌಡ್ರ. ನಮ್ಮ ಹುಡುಗಿ ಮೊದಲನೇ ದಿನಾನ ಮಾಡಿ ಮುಗಿಸಿದ್ಳು. ನೋಡಿದ್ದು ಇವತ್ತು."